ಕರ್ತೃತ್ವ ಬಿಡಬೇಕಾದವರು ಯಾರು?

ಶಿಶುನಾಳ ಶರೀಫರ ಗುರು ಗೋವಿಂದ ಭಟ್ಟರ ಊರು ಕಳಸ. ಅದು ಕುಂದಗೋಳ ತಾಲೂಕಿನ ಹಳ್ಳಿ. ಬ್ರಾಹ್ಮಣ ಗುರುವೊಬ್ಬ ಮುಸ್ಲಿಂ ಹುಡುಗನನ್ನು ಶಿಷ್ಯನಾಗಿ ಸ್ವೀಕರಿಸಿದ ಆ ಕಥೆಯನ್ನು 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ಎಂಬ ಹೆಸರಿನಲ್ಲಿ ತೆರೆಗೆ ತಂದರು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಿ. ಅಶ್ವಥ್ ಸಂಗೀತ ಕೊಟ್ಟರು. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ಆ ಚಿತ್ರದ ಮಾತು ಬಂದಾಗ ಜನ ಹೇಳುವುದು ಈ ನಾಲ್ಕೇ ಹೆಸರು. ತನ್ನ ಪದಗಳನ್ನೆಲ್ಲ ಶಿಶುನಾಳಾಧೀಶನಿಗೆ ಒಪ್ಪಿಸಿ ‘ನಾನು’ ಎಂಬುದನ್ನು ಕಳಚಿಕೊಂಡ ಸಂತನ ಚಿತ್ರವನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಸಿನಿಮಾ ಪ್ರಶ್ನೆಯಷ್ಟೇ ಅಲ್ಲ, ಧರ್ಮದ ಪ್ರಶ್ನೆಯೂ ಹೌದು. ಏಕೆಂದರೆ ಹೆಸರಿಲ್ಲದವರ ಹೆಸರು ಕೇಳಿದಾಗ ನಮ್ಮಲ್ಲಿ ಸಿದ್ಧವಾಗಿರುವ ಉತ್ತರ ಧರ್ಮದ್ದೇ: ಕಾಯಕ ಮಾಡಬೇಕು, ಫಲ ಬಯಸಬಾರದು, ಮಾಡಿದೆನೆಂಬ ಭಾವ ಇರಕೂಡದು. ಈ ಉತ್ತರವನ್ನು ನಾವು ತಪ್ಪು ವಿಳಾಸಕ್ಕೆ ಕಳಿಸುತ್ತಿದ್ದೇವೆ ಎಂಬುದು ನನ್ನ ವಾದ. ಕರ್ತೃತ್ವದ ಅಭಿಮಾನವನ್ನು ಬಿಡಿ ಎಂಬ ಉಪದೇಶ ಹೆಸರು ಪಡೆದವರಿಗೆ ಹೇಳಿದ್ದು. ಹೆಸರೇ ಸಿಗದವರಿಗೆ ಅದನ್ನು ಹೇಳುವುದು ಉಪದೇಶವಲ್ಲ, ಅನ್ಯಾಯ.

ಚಿತ್ರೀಕರಣ ನಡೆಯುವ ಜಾಗವನ್ನು ಮೊದಲು ನೋಡೋಣ. ಎರೆಹೊಲದ ಬದುವಿನ ಮೇಲೋ ಹಳೆಯ ವಾಡೆಯ ಪಡಸಾಲೆಯಲ್ಲೋ ಒಬ್ಬ ನಟ ಎರಡು ಮಾತಾಡಿ ತಲೆ ತಗ್ಗಿಸಬೇಕು, ದೃಶ್ಯ ಇಷ್ಟೇ. ಆ ಎರಡು ಮಾತಿಗೆ ನೆತ್ತಿಯ ಬಿಸಿಲನ್ನು ಮೆತ್ತಗೆ ಮಾಡಲು ಒಬ್ಬ ಬಿಳಿ ಥರ್ಮಾಕೋಲ್ ಹಲಗೆ ಹಿಡಿದು ಅಲುಗದೆ ನಿಂತಿರುತ್ತಾನೆ. ಇನ್ನೊಬ್ಬ ಉದ್ದ ಕೋಲಿನ ತುದಿಯ ಮೈಕನ್ನು ಚೌಕಟ್ಟಿನೊಳಗೆ ನೆರಳೂ ಬೀಳದಂತೆ ತಲೆಯ ಮೇಲೆ ಎತ್ತಿ ಹಿಡಿದಿರುತ್ತಾನೆ. ದೃಶ್ಯಗಳು ಕಥೆಯ ಕ್ರಮದಲ್ಲಿ ಚಿತ್ರೀಕರಣವಾಗುವುದಿಲ್ಲವಾದ್ದರಿಂದ, ಇಂದು ಬಾಗಿಲಾಚೆ ನಿಂತವನು ಹದಿನೈದು ದಿನದ ಮೇಲೆ ಬಾಗಿಲೀಚೆ ಕಾಲಿಡುವಾಗ ರುಮಾಲಿನ ಗಂಟು ಯಾವ ಮಗ್ಗುಲಿಗಿತ್ತು ಎಂಬುದನ್ನು ಬರೆದಿಡಲು ಒಬ್ಬರು ಬೇಕು. ಕ್ಲ್ಯಾಪ್ ಹಲಗೆಯ ಒಂದು ಪೆಟ್ಟು ಇಲ್ಲದಿದ್ದರೆ ಆಮೇಲೆ ಸಂಕಲನದ ಮೇಜಿನ ಮೇಲೆ ದನಿಯನ್ನು ಚಿತ್ರಕ್ಕೆ ಕೂಡಿಸುವವರು ತುಟಿ ನೋಡಿ ಊಹಿಸುತ್ತ ಕೂರಬೇಕು. ಇವರೆಲ್ಲರಲ್ಲಿ ನನಗೆ ಹೆಚ್ಚು ಕಾಡುವವನು ಫೋಕಸ್ ಪುಲ್ಲರ್. ಮಸೂರದಿಂದ ನಟನ ಕಣ್ಣಿಗೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆದು, ನಟ ಹೆಜ್ಜೆ ಮುಂದಿಟ್ಟಂತೆಲ್ಲ ಬೆರಳ ತುದಿಯಲ್ಲಿ ಆ ದೂರವನ್ನು ಸರಿಪಡಿಸುತ್ತಾ ಹೋಗುವವನು ಅವನು. ಫಿಲ್ಮಿನ ಕಾಲದಲ್ಲಿ ಅವನ ತಪ್ಪು ಆ ಕ್ಷಣಕ್ಕೆ ಕಾಣುತ್ತಲೇ ಇರಲಿಲ್ಲ. ಕೂರಿಗೆಯ ಹಿಂದೆ ನಡೆಯುತ್ತ ಕಾಳು ಬಿಡುವ ಹೆಣ್ಣುಮಗಳ ಕೈ ಒಂದು ಚಣ ತಡೆದರೆ ಸಾಲಿನ ಖಾಲಿ ಜಾಗ ಕಾಣುವುದು ಮೊಳಕೆ ಬಂದ ಮೇಲೆಯೇ ಅಲ್ಲವೆ, ಹಾಗೆ. ಸರಿ ಮಾಡಿದರೆ ಯಾರಿಗೂ ಕಾಣದ, ತಪ್ಪಿದರೆ ಮಾತ್ರ ಎಲ್ಲರಿಗೂ ಕಾಣುವ ಕೆಲಸ ಅದು. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಛಾಯಾಗ್ರಹಣಕ್ಕೆ ವಿಭಾಗವಿದೆ, ಸಂಕಲನಕ್ಕಿದೆ, ಪ್ರಸಾಧನಕ್ಕೂ ಇದೆ. ಈ ಬೆರಳುಗಳಿಗಿಲ್ಲ, ಹಲಗೆ ಹಿಡಿದ ತೋಳುಗಳಿಗೂ ಇಲ್ಲ.

ನಿಷ್ಕಾಮ ಕರ್ಮದ ಮಾತು ಬಂದಾಗಲೆಲ್ಲ ಗೀತೆಯ ಎರಡನೆಯ ಅಧ್ಯಾಯವನ್ನು ನೆನೆಯುತ್ತೇವೆ, ಹದಿನೆಂಟನೆಯದನ್ನು ಮರೆಯುತ್ತೇವೆ. ಯಾವುದೇ ಕರ್ಮ ನೆರವೇರಲು ಐದು ಕಾರಣಗಳು ಬೇಕೆಂದು ಅಲ್ಲಿ ಕೃಷ್ಣ ಹೇಳುತ್ತಾನೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ಬೇರೆಬೇರೆ ಚೇಷ್ಟೆಗಳು, ಐದನೆಯದು ದೈವ. ಭಾಷ್ಯಕಾರರು ಇದನ್ನು ದೇಹ, ಇಂದ್ರಿಯ, ಪ್ರಾಣಗಳ ಮೇಲಿಟ್ಟು ವಿವರಿಸಿದ್ದಾರೆ; ಅದು ಅವರ ಪ್ರಶ್ನೆಗೆ ತಕ್ಕ ಉತ್ತರ. ಆದರೆ ಹಲವು ಕೈಗಳಿಂದ ಆಗುವ ಕೆಲಸಕ್ಕೂ ಈ ವಿಂಗಡಣೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ನಿಲ್ಲಲು ನೆಲ, ಸಂಕಲ್ಪಿಸುವ ಒಬ್ಬ, ನೂರು ಉಪಕರಣ, ನೂರು ಕೈಚಳಕ, ಕೊನೆಗೆ ಯಾರ ಕೈಯಲ್ಲೂ ಇಲ್ಲದ ಮೋಡ ಮತ್ತು ಗಾಳಿ. ಇಷ್ಟು ಹೇಳಿದ ಕೃಷ್ಣ ಮುಂದೆ, ಹೀಗಿದ್ದೂ ಕೇವಲ ತನ್ನನ್ನೇ ಕರ್ತೃ ಎಂದು ಕಾಣುವವನು ಏನನ್ನೂ ಕಾಣದವನು ಎನ್ನುತ್ತಾನೆ. ಹಲಗೆ ಹಿಡಿದವನು ‘ಈ ಚಿತ್ರ ನಾನೊಬ್ಬನೇ ಮಾಡಿದ್ದು’ ಎಂದು ಎಂದೂ ಹೇಳಿಲ್ಲ. ಹಾಗೆ ಹೇಳುವ ಅವಕಾಶ ಇರುವುದು ಭಿತ್ತಿಪತ್ರದ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರಿರುವವರಿಗೆ. ಹಾಗಾದರೆ ಎಚ್ಚರಿಕೆಯ ಮಾತು ಯಾರಿಗೆ?

ಇಲ್ಲಿ ಗಂಭೀರ ಆಕ್ಷೇಪವೊಂದಿದೆ, ಅದು ನಮ್ಮದೇ ನೆಲದ್ದು. ಹನ್ನೆರಡನೆಯ ಶತಮಾನದ ಶರಣರು ತಮ್ಮ ವಚನಗಳ ಕೊನೆಗೆ ಇಟ್ಟದ್ದು ಇಷ್ಟದೈವದ ಹೆಸರನ್ನು. ಬಸವಣ್ಣನವರದು ಕೂಡಲಸಂಗಮದೇವ, ಮಡಿವಾಳ ಮಾಚಯ್ಯನವರದು ಕಲಿದೇವರದೇವ, ನುಲಿಯ ಚಂದಯ್ಯನವರದು ಚಂದೇಶ್ವರಲಿಂಗ. ಹೆಸರನ್ನು ದೇವರಿಗೆ ಬಿಟ್ಟುಕೊಟ್ಟ ಪರಂಪರೆಯವರೇ ಹೆಸರಿಗಾಗಿ ವಾದಿಸಬಹುದೆ? ಬಿಟ್ಟುಕೊಟ್ಟದ್ದು ನಿಜ. ಆದರೆ ಬಿಟ್ಟುಕೊಟ್ಟವರು ಅವರೇ. ಬೇರೆ ಯಾರೂ ಅವರಿಂದ ಕಿತ್ತುಕೊಳ್ಳಲಿಲ್ಲ. ಜೊತೆಗೆ, ಪರಂಪರೆ ಅವರನ್ನು ನೆನಪಿಟ್ಟ ಬಗೆ ಬೇರೆಯದನ್ನೇ ಹೇಳುತ್ತದೆ. ಮಡಿವಾಳ, ಅಂಬಿಗ, ಮೇದಾರ, ಡೋಹರ, ಹಡಪದ, ಹಗ್ಗದ ನುಲಿ, ಅಂಗಳದ ಆಯ್ದ ಅಕ್ಕಿ, ಹೀಗೆ ಪ್ರತಿ ಹೆಸರಿನ ಹಿಂದೆ ಅವರ ಕೆಲಸ ನಿಂತಿದೆ. ಲೋಕ ಕೀಳೆಂದ ಕಸುಬೇ ಬಿರುದಾಗಿ ಎಂಟು ಶತಮಾನ ದಾಟಿ ಬಂದಿದೆ. ಅಂಬಿಗರ ಚೌಡಯ್ಯನಂತೂ ದೈವದ ಹೆಸರನ್ನೂ ಇಡಲಿಲ್ಲ, ತನ್ನ ಕಸುಬಿನ ಸಮೇತ ತನ್ನ ಹೆಸರನ್ನೇ ಅಂಕಿತವಾಗಿಸಿದ. ಅವನನ್ನು ಅಹಂಕಾರಿ ಎಂದು ಯಾವ ಶರಣರೂ ಅನುಭವ ಮಂಟಪದಿಂದ ಹೊರಗಿಟ್ಟ ಕಥೆಯಿಲ್ಲ. ಇದ್ದದ್ದನ್ನು ಅರ್ಪಿಸುವುದು ಭಕ್ತಿ. ಇಲ್ಲದ್ದನ್ನು ಅರ್ಪಿಸು ಎಂದು ಇನ್ನೊಬ್ಬರಿಗೆ ಹೇಳಲು ಭಕ್ತಿಯಲ್ಲಿ ಎಡೆಯಿಲ್ಲ.

ಸ್ಮರಣೆಯ ಈ ಲೆಕ್ಕ ನಮ್ಮ ಚರಿತ್ರೆಯಲ್ಲಿ ಎರಡು ದಾರಿ ಹಿಡಿದಿದೆ. ಗದಗಕ್ಕೆ ಹತ್ತಿರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆ ದಾನದ ದೊಡ್ಡತನಕ್ಕೆ ಕೈಮುಗಿಯುತ್ತೇನೆ. ಆದರೆ ತಾಳೆಗರಿಯ ಮೇಲೆ ಕಂಟ ಹಿಡಿದು ಆ ಸಾವಿರ ಪ್ರತಿಗಳನ್ನು ಕೊರೆದ ಲಿಪಿಕಾರರ ಹೆಸರುಗಳು ನಮಗೆ ಉಳಿದಿಲ್ಲ. ಅದಕ್ಕೂ ಎರಡೂವರೆ ಶತಮಾನ ಹಿಂದೆ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇಗುಲದ ಶಾಸನಗಳು ಗುಂಡ ಅನಿವಾರಿತಾಚಾರಿಯನ್ನೂ ಸರ್ವಸಿದ್ಧಿ ಆಚಾರಿಯನ್ನೂ ಬಿರುದುಗಳೊಂದಿಗೆ ಹೆಸರಿಸಿವೆ. ಶಿಲ್ಪಿಯ ಹೆಸರು ಕಲ್ಲಿನಲ್ಲಿ ಬಂದದ್ದರಿಂದ ಗರ್ಭಗುಡಿಯ ಪಾವಿತ್ರ್ಯಕ್ಕೆ ಎಳ್ಳಷ್ಟೂ ಕುಂದಾಗಲಿಲ್ಲ, ರಾಣಿಯ ಕೀರ್ತಿಯೂ ಕಡಿಮೆಯಾಗಲಿಲ್ಲ. ಧರ್ಮಕಾರ್ಯದಲ್ಲಿ ಕೆಲಸಗಾರನ ಹೆಸರಿಗೆ ಜಾಗವಿಲ್ಲ ಎನ್ನುವವರು ಈ ಕಲ್ಲುಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಇನ್ನು ವ್ಯವಹಾರದ ಆಕ್ಷೇಪ. ಸೆಟ್ಟಿನಲ್ಲಿ ಕೊನೆಯ ಮಾತು ಒಬ್ಬರದೇ ಆಗಬೇಕು, ನೂರು ಜನ ನೂರು ದಿಕ್ಕಿಗೆ ಎಳೆದರೆ ಚಿತ್ರವಾಗದು ಎನ್ನುತ್ತಾರೆ. ಒಪ್ಪುತ್ತೇನೆ. ಅನುಭವ ಮಂಟಪದ ಪರಂಪರೆಯಲ್ಲೂ ಶೂನ್ಯಪೀಠವಿತ್ತು, ಅಲ್ಲಮ ಅದರ ಮೇಲೆ ಕೂತಿದ್ದ. ಪೀಠ ಇರುವುದು ತಪ್ಪಲ್ಲ, ಪೀಠದ ಎತ್ತರವನ್ನು ಮನುಷ್ಯರ ಎತ್ತರವೆಂದು ತಿಳಿಯುವುದು ತಪ್ಪು. ಸೆಟ್ಟಿನಲ್ಲಿ ಅಂತಸ್ತು ನೋಡಿ ಊಟಕ್ಕೆ ಮೂರು ಬಗೆಯ ಪಂಕ್ತಿ ಹಾಕುವುದರಿಂದ ಯಾವ ದೃಶ್ಯವೂ ಚೆನ್ನಾಗಿ ಮೂಡಿಬಂದಿಲ್ಲ.

ಇದಕ್ಕಿಂತ ಚೂಪಾದ ಆಕ್ಷೇಪ ಇನ್ನೊಂದು. ನಾಗಾಭರಣರಿಲ್ಲದೆ ಆ ಚಿತ್ರವಿಲ್ಲ, ಅಶ್ವಥ್ ಇಲ್ಲದೆ ಆ ಧಾಟಿಯಿಲ್ಲ. ಆದರೆ ಹಲಗೆ ಹಿಡಿದವನ ಬದಲು ಇನ್ನೊಬ್ಬ ಹಿಡಿಯಬಹುದಿತ್ತು. ನಿಜ, ಆ ಜಾಗಕ್ಕೆ ಬೇರೆ ಕೈ ಸಿಗುತ್ತಿತ್ತು. ಆದರೆ ಬದಲಿ ಸಿಗುವುದು ಬೆಲೆಯನ್ನು ನಿಗದಿ ಮಾಡುವುದು ಸಂತೆಯಲ್ಲಿ. ಧರ್ಮ ಕೇಳುವುದು ಯಾರು ಮಾಡಬಹುದಿತ್ತು ಎಂದಲ್ಲ, ಯಾರು ಮಾಡಿದರು ಎಂದು. ಕರ್ಮಸಿದ್ಧಾಂತ ನಂಬುವವರಿಗಂತೂ ಇದು ತಿಳಿದಿರಬೇಕು. ಇನ್ನೊಬ್ಬ ಮಾಡಬಹುದಾಗಿದ್ದ ಪುಣ್ಯ ಆ ಕಾರಣಕ್ಕೆ ಮಾಡಿದವನ ಲೆಕ್ಕದಿಂದ ಅಳಿಸಿಹೋಗುವುದಿಲ್ಲ. ನವಲಗುಂದದ ಜಮಖಾನವನ್ನೇ ನೋಡಿ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಊರಿನ ಹೆಸರು ಕಾಗದಕ್ಕೆ ಬಂದಿದೆ, ಸಂತೋಷ. ಮನೆಯೊಳಗಿನ ಮಗ್ಗದ ಮುಂದೆ ಕೂತು ನೂಲಿನ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡು ನವಿಲು ಮೂಡಿಸುವ ಹೆಣ್ಣುಮಕ್ಕಳ ಹೆಸರು ಜಮಖಾನದ ಯಾವ ಅಂಚಿನಲ್ಲೂ ಇಲ್ಲ. ವಿನ್ಯಾಸ ಪರಂಪರೆಯದು, ಯಾರು ನೇಯ್ದರೂ ಅದೇ ನವಿಲು ಎಂಬ ಸಮಾಧಾನ ಅಲ್ಲಿಯೂ ಕೇಳುತ್ತದೆ. ಆದರೆ ಬೆನ್ನು ನೋಯುವುದು ಪರಂಪರೆಗಲ್ಲ, ನೇಯ್ದ ಆ ಒಬ್ಬಳಿಗೆ.

ಕೊನೆಗೆ ಕೂಲಿಯ ಮಾತು. ಕಾಯಕವೆಂದರೆ ಪೂಜೆ, ಪೂಜೆಗೆ ಸಂಬಳ ಕೇಳಬಾರದು ಎಂಬ ಧಾಟಿ ಹೊಸದೇನಲ್ಲ. ಸಿನಿಮಾ ಕೆಲಸಗಾರರೊಡನೆ ಲಿಖಿತ ಕರಾರು ಮಾಡಿಕೊಳ್ಳಬೇಕೆಂದು ಸಂಸತ್ತು 1981ರಲ್ಲೇ ಕಾಯಿದೆ ಮಾಡಿತು. ಕರ್ನಾಟಕದ ಶಾಸನಸಭೆ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕಾಗಿ ಟಿಕೆಟ್ಟಿನ ಮೇಲೆ ಸೆಸ್ ಹಾಕುವ ಮಸೂದೆ ಒಪ್ಪಿತು. ಕಾಯಿದೆ ಬೇಕಾಯಿತೆಂಬುದೇ ನಮ್ಮ ಕಾಯಕದ ಮಾತು ಎಷ್ಟು ಪೊಳ್ಳಾಗಿತ್ತು ಎಂಬುದಕ್ಕೆ ಸಾಕ್ಷಿ. ಇಂಥ ಹೊತ್ತಿನಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ತೃಪ್ತಿಯ ಪಾಠವೆಂದು ಕೂಲಿಯವರ ಮುಂದೆ ಇಡುವವರಿದ್ದಾರೆ. ಕಥೆಯನ್ನು ಸರಿಯಾಗಿ ಕೇಳಬೇಕು. ಗಂಡ ಮಾರಯ್ಯ ಅಂದು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಿದ್ದ. ಲಕ್ಕಮ್ಮ ಹೆಚ್ಚಿನದನ್ನು ಹಿಂದಿರುಗಿಸಿ ಬಾ ಎಂದು ಅವನನ್ನು ಕಳಿಸಿದಳು. ದಿನದ ಪಾಲಿನ ಅಕ್ಕಿಯನ್ನು ಅವಳು ಬಿಡಲಿಲ್ಲ, ಅದರಲ್ಲೇ ಅಟ್ಟು ದಾಸೋಹ ಮಾಡಿದಳು. ಪಾಲಿಗಿಂತ ಹೆಚ್ಚು ಒಯ್ದವರನ್ನು ಆ ಹೆಣ್ಣುಮಗಳು ಬಾಗಿಲಲ್ಲೇ ತಡೆದಳು. ಒಂದು ಚಿತ್ರದ ಹಣದಲ್ಲಿ, ಹೆಸರಿನಲ್ಲಿ, ಚಪ್ಪಾಳೆಯಲ್ಲಿ ಪಾಲಿಗಿಂತ ಹೆಚ್ಚು ಹೊತ್ತು ನಡೆದವರು ಯಾರು ಎಂಬುದು ಸೆಟ್ಟಿನಲ್ಲಿ ನಿಂತ ಎಲ್ಲರಿಗೂ ಗೊತ್ತು. ಲಕ್ಕಮ್ಮನ ಮಾತನ್ನು ಓದಿ ಹೇಳಬೇಕಾದದ್ದು ಅವರಿಗೆ.