ಕತ್ತಲಲ್ಲಿ ಕಾಣದ ಗಡಿಗೆ

ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಆರನೆಯ ಪ್ರಮಾಣವೆಂದು, ಅಂದರೆ ಅರಿವಿನ ಸಾಧನವೆಂದು, ಒಪ್ಪಿದ ಅನುಪಲಬ್ಧಿಗೆ (ಕಾಣದಿರುವುದರಿಂದ ಇಲ್ಲವೆಂದು ಅರಿಯುವುದಕ್ಕೆ) ಒಂದು ಕಟ್ಟುಪಾಡಿದೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅದು ಅಲ್ಲಿಲ್ಲ ಎಂದು ತಿಳಿಯಬಹುದು. ಆದರೆ ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಷ್ಟು ಬೆಳಕು ಅಲ್ಲಿರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಸಲಿಂಗ ಪ್ರೇಮಿಗಳ, ಗಂಡುಹೆಣ್ಣಿನ ಗೆರೆ ದಾಟಿ ಬದುಕಿದವರ ಚರಿತ್ರೆಯ ಮಾತು ಬಂದಾಗ 'ಹಿಂದೆಲ್ಲಿ ಇದ್ದರು ಇಂಥವರು, ದಾಖಲೆ ಎಲ್ಲಿದೆ?' ಎಂದು ಕೇಳುವವರು ಮರೆಯುವುದು ಈ ಕಟ್ಟುಪಾಡನ್ನೇ. 1919ರಲ್ಲಿ ಮಾಗ್ನುಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯ ಬರ್ಲಿನ್ನಿನಲ್ಲಿ ಕಟ್ಟಿದ, ಇಂಥವರ ಬದುಕಿನ ದಾಖಲೆ ಕೂಡಿಟ್ಟಿದ್ದ ಲೈಂಗಿಕ ವಿಜ್ಞಾನ ಸಂಸ್ಥೆಯನ್ನು 1933ರ ಮೇ 6ರಂದು ನಾಜಿಗಳು ಲೂಟಿ ಮಾಡಿದರು. ಅಲ್ಲಿನ ಪುಸ್ತಕಗಳು 10ರ ರಾತ್ರಿ ಚೌಕದಲ್ಲಿ ಬೂದಿಯಾದವು. ಸುಟ್ಟಾದ ಮೇಲೆ ದಾಖಲೆ ಕೇಳುವುದು ತರ್ಕವಲ್ಲ.

ಹಾಗೆಂದು, ಕತ್ತಲಿದೆ ಎಂಬ ಮಾತ್ರಕ್ಕೆ ಗಡಿಗೆ ಇದೆ ಎಂದೂ ಆಗುವುದಿಲ್ಲ. ಕೈಗೆ ಏನಾದರೂ ಸಿಗಬೇಕು. ನಾರ್ವೆಯ ಹೋರ್ಟೆನ್ ಎಂಬ ನೌಕಾನೆಲೆಯ ಊರಿನಲ್ಲಿ 1895ರಿಂದ ಮರೀ ಹೊಯೆಗ್ ಮತ್ತು ಬೊಲೆಟ್ಟೆ ಬರ್ಗ್ ಎಂಬ ಇಬ್ಬರು ಹೆಂಗಸರು ಫೋಟೊ ಸ್ಟುಡಿಯೊ ನಡೆಸುತ್ತಿದ್ದರು. ಊರಿನ ಮರ್ಯಾದಸ್ಥರು ಸೆಟೆದು ಕುಳಿತು ಭಾವಚಿತ್ರ ತೆಗೆಸಿಕೊಳ್ಳುತ್ತಿದ್ದ ಅಂಗಡಿ ಅದು. ಮರೀ ಹೆಂಗಸರ ಮತದಾನದ ಹಕ್ಕಿಗಾಗಿ ಸಂಘ ಕಟ್ಟಿದವಳು. ಆ ಹಕ್ಕು ಅಲ್ಲಿ ಪೂರ್ತಿಯಾಗಿ ಸಿಕ್ಕಿದ್ದು 1913ರಲ್ಲಿ. ಇಬ್ಬರೂ ಸತ್ತು ಎಷ್ಟೋ ವರ್ಷಗಳಾದ ಮೇಲೆ, 1980ರ ದಶಕದಲ್ಲಿ, ಅವರ ಗಾಜಿನ ನೆಗೆಟಿವ್‌ಗಳು ಸಿಕ್ಕವು. ಕೆಲವು ಪೆಟ್ಟಿಗೆಗಳ ಮೇಲೆ 'ಖಾಸಗಿ' ಎಂದು ಬರೆದಿತ್ತು. ಒಳಗಿದ್ದ ಚಿತ್ರಗಳಲ್ಲಿ ಮರೀ ಮೀಸೆ ಅಂಟಿಸಿಕೊಂಡು ಗಂಡಸಾಗಿದ್ದಾಳೆ. ಧ್ರುವ ಪ್ರದೇಶದ ಸಾಹಸಿಯಂತೆ ತುಪ್ಪಳದ ಉಡುಪು ತೊಟ್ಟಿದ್ದಾಳೆ. ಒಳಉಡುಪಿನಲ್ಲಿ ನಿಂತು ಸಿಗರೇಟು ಸೇದುತ್ತಿದ್ದಾಳೆ. ಅವಳ ಸಹೋದರ ಹೆಣ್ಣುಡುಗೆಯಲ್ಲಿದ್ದಾನೆ. ಮತ್ತೊಂದರಲ್ಲಿ ಇಬ್ಬರು ಗೆಳತಿಯರೂ ದೋಣಿಯಲ್ಲಿ ಜೊತೆಗೆ ಕುಳಿತಿದ್ದಾರೆ. 1944ರಲ್ಲಿ ಬೊಲೆಟ್ಟೆ ತೀರಿಕೊಳ್ಳುವವರೆಗೂ ಅವರು ಕೂಡಿಯೇ ಬಾಳಿದರು.

ಇದಿಷ್ಟೂ ಬರೀ ತಮಾಷೆಯ ವೇಷ ಎನ್ನಬಹುದು. ತಮಾಷೆ ಹೌದು, ಚಿತ್ರಗಳಲ್ಲಿ ನಗು ತುಂಬಿದೆ. ಆದರೆ ಬರೀ ತಮಾಷೆಯನ್ನು ಯಾರೂ 'ಖಾಸಗಿ' ಎಂದು ಬರೆದು ಬೇರೆ ಎತ್ತಿಡುವುದಿಲ್ಲ. ಮೇಲಾಗಿ, ಗಂಡುಹೆಣ್ಣು ನಾಲ್ವತ್ತು ವರ್ಷ ಒಂದೇ ಸೂರಿನಡಿ ಇದ್ದರೆ ನಾವು ಪುರಾವೆ ಕೇಳದೆ ದಂಪತಿ ಎನ್ನುತ್ತೇವೆ. ಇಬ್ಬರು ಹೆಂಗಸರು ಹಾಗಿದ್ದರೆ ಮಂಚದವರೆಗೂ ಸಾಕ್ಷಿ ಬೇಡುತ್ತೇವೆ. ಪ್ರಮಾಣದ ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ನಾರ್ವೆಯ 1902ರ ದಂಡಸಂಹಿತೆ ಗಂಡಸರ ನಡುವಿನ ಸಂಬಂಧವನ್ನಷ್ಟೇ ಅಪರಾಧವೆಂದಿತು, 1972ರವರೆಗೂ ಹಾಗೇ ಇಟ್ಟಿತು. ಹೆಂಗಸರ ಪ್ರೀತಿ ಕಾನೂನಿನ ಕಣ್ಣಿಗೆ ಅಪರಾಧವಾಗುವಷ್ಟೂ ದೊಡ್ಡದಾಗಿರಲಿಲ್ಲ. ಹಾಗಾಗಿ ಕೋರ್ಟಿನ ಕಡತದಲ್ಲಿ ಅವರು ಸಿಗುವುದಿಲ್ಲ. ಸಿಗದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯೂ ಅಲ್ಲ. ಅಲ್ಲಿ ಬೆಳಕಿರುವುದು ಅವರೇ ತೆಗೆದುಕೊಂಡ ಫೋಟೊಗಳಲ್ಲಿ ಮಾತ್ರ.

ಬರೀ ವೇಷ ಎಂಬ ಮಾತಿಗಿಂತ ಗಟ್ಟಿಯಾದ ಆಕ್ಷೇಪಗಳು ಎರಡಿವೆ. ಅವರು ತಮ್ಮನ್ನು ಕರೆದುಕೊಳ್ಳದ ಹೆಸರಿನಿಂದ ನಾವು ಅವರನ್ನು ಕರೆಯಬಹುದೇ? ಕರೆಯಬಾರದು ಎಂದೇ ನನ್ನ ನಿಲುವು. ಮರೀ ಇಂದು ಇದ್ದಿದ್ದರೆ ತನ್ನನ್ನು ಏನೆಂದುಕೊಳ್ಳುತ್ತಿದ್ದಳೋ ಫೋಟೊ ಹೇಳುವುದಿಲ್ಲ. ಆದರೆ ಲಿಂಗದ ಕಟ್ಟಳೆಯನ್ನು ಅವಳು ಅರಿತು, ಬೇಕೆಂದೇ, ಖುಷಿಯಿಂದ ಮೀರಿದಳು ಎಂದು ಖಂಡಿತ ಹೇಳುತ್ತದೆ. ಆ ಚರಿತ್ರೆಗೆ ಅವಳು ಸೇರುವುದಕ್ಕೆ ಅಷ್ಟು ಸಾಕು, ಹಣೆಪಟ್ಟಿ ಬೇಡ. ಎರಡನೆಯದು: ಖಾಸಗಿ ಎಂದು ಬರೆದದ್ದನ್ನು ತೆರೆಯುವುದು ಸತ್ತವರಿಗೆ ಮಾಡುವ ದ್ರೋಹವಲ್ಲವೇ? ಈ ಪ್ರಶ್ನೆ ನನ್ನನ್ನು ನಿಜಕ್ಕೂ ಕಾಡುತ್ತದೆ. ಗಾಜಿನ ಪ್ಲೇಟನ್ನು ಒಡೆಯುವುದಕ್ಕೆ ಒಂದು ಗಳಿಗೆ ಸಾಕು. ಕಸುಬು ಬಲ್ಲ ಆ ಇಬ್ಬರು ಅದನ್ನು ಒಡೆಯದೆ ಕಾಪಾಡಿದರು. ಕಾಪಾಡಿದ್ದೇ ಒಪ್ಪಿಗೆಯಲ್ಲ, ಒಪ್ಪುತ್ತೇನೆ. ಆದರೆ ಗುಟ್ಟನ್ನು ಹೇರಿದ್ದು ಕಾಲ. ಆ ಕಾಲದ ಕಟ್ಟಪ್ಪಣೆಯನ್ನು ನಾವು ಇನ್ನೂ ಪಾಲಿಸಬೇಕಾದ ಋಣವೇನಿಲ್ಲ. ಬದುಕಿರುವವರ ಗುಟ್ಟಿನ ಮಾತು ಬೇರೆ. ಅದನ್ನು ಅವರೇ ಹೇಳಬೇಕು.

ನಮ್ಮಲ್ಲಿ ಕಷ್ಟ ತಿರುವುಮುರುವಾಗಿದೆ: ಇಲ್ಲಿ ಇಂಥವರು ಸಿಗುವುದು ಕಾನೂನಿನ ಕಡತದಲ್ಲೇ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ ಹಿಜಡಾ ಸಮುದಾಯದವರ ಹೆಸರು, ವಿಳಾಸಗಳನ್ನು ಪಟ್ಟಿ ಮಾಡಿಸಿತು, ಹೆಣ್ಣುಡುಗೆಯನ್ನೇ ಶಿಕ್ಷಾರ್ಹ ಮಾಡಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಮು ಅಂಥದೇ ಪಟ್ಟಿಯನ್ನು ಮರಳಿ ತಂದಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ತಿದ್ದುಪಡಿಯಾಯಿತು. ಪೊಲೀಸರ ಪಟ್ಟಿಯಲ್ಲಿ ಹೆಸರಿದೆ, ನಗು ಇಲ್ಲ. ಆ ನಗುವನ್ನು ಕೊಡಬಲ್ಲದ್ದು ಆಲ್ಬಮ್ಮು, ಪತ್ರ, ಸ್ಟುಡಿಯೊದ ಹಳೆಯ ನೆಗೆಟಿವು. ಅಂಥವನ್ನು ಸಂಗ್ರಹಿಸುವ ಕ್ವಿಯರ್ ದಾಖಲೆಗಳ ಭಂಡಾರವೊಂದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿದೆ. ಮನೆಯ ಅಟ್ಟ ಗುಡಿಸುವಾಗ, ಮದುವೆಯಾಗದೆ ಉಳಿದ ಅತ್ತೆಯದೋ ದೊಡ್ಡಪ್ಪನದೋ ಪೆಟ್ಟಿಗೆ ಸಿಕ್ಕರೆ ದಯವಿಟ್ಟು ಒಲೆಗೆ ಹಾಕಬೇಡಿ.