ಮುಪ್ಪು ಯಾರಿಗೆ ಮೊದಲು

60 ತುಂಬಿದವರನ್ನು ಸರ್ಕಾರ ಹಿರಿಯ ನಾಗರಿಕರೆಂದು ಕರೆಯುತ್ತದೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಬೇಕು. ಆಡಳಿತಕ್ಕೆ ಇಂಥದ್ದೊಂದು ಗೆರೆ ಬೇಕು, ನಿಜ. ಆದರೆ ದೇಹಗಳು ಆ ಗೆರೆಯನ್ನು ಒಟ್ಟಿಗೆ ದಾಟುವುದಿಲ್ಲ. ನ್ಯೂಜಿಲೆಂಡಿನ ಡನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಂದಿಯನ್ನು ಸಂಶೋಧಕರು ಹುಟ್ಟಿದಂದಿನಿಂದ ಗಮನಿಸುತ್ತ ಬಂದಿದ್ದಾರೆ. ಅವರಿಗೆ 38 ಆದಾಗ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶ, ರಕ್ತದ ಅಳತೆಗಳನ್ನೆಲ್ಲ ಕೂಡಿಸಿ ದೇಹದ ವಯಸ್ಸನ್ನು ಲೆಕ್ಕ ಹಾಕಿದರು. ಒಬ್ಬರ ದೇಹಕ್ಕೆ 28, ಇನ್ನೊಬ್ಬರ ದೇಹಕ್ಕೆ 61. ಒಂದೇ ಊರು, ಒಂದೇ ವರ್ಷದ ಹುಟ್ಟು, ನಡುವೆ ಒಂದು ತಲೆಮಾರಿಗಿಂತ ಹೆಚ್ಚಿನ ಅಂತರ. ಮುಪ್ಪಿನ ಸಂಶೋಧನೆ ಎಂದರೆ ಜಗತ್ತು ಈಗ ಕೇಳುವುದು ಮುಪ್ಪನ್ನು ತಡೆಯಬಹುದೇ, ಹಿಂದಕ್ಕೆ ತಿರುಗಿಸಬಹುದೇ ಎಂದು. ಹಣವೂ ಸುದ್ದಿಯೂ ಆ ಪ್ರಶ್ನೆಯ ಹಿಂದೆ ಹೋಗುತ್ತಿವೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಮುಪ್ಪು ಕೆಲವರಿಗೆ ಯಾಕೆ ಮೊದಲೇ ಬರುತ್ತದೆ ಎಂಬುದು. ನ್ಯಾಯದ ದೃಷ್ಟಿಯಿಂದ ಮಾತ್ರವಲ್ಲ, ವಿಜ್ಞಾನದ ದೃಷ್ಟಿಯಿಂದಲೂ ಅದೇ ಮೊದಲಿನದು ಎಂಬುದು ನನ್ನ ವಾದ.

ಈ ಪ್ರಶ್ನೆಗೆ ಸಿಕ್ಕಿರುವ ಬಲವಾದ ಉತ್ತರಗಳಲ್ಲಿ ಒಂದು ನಮ್ಮ ಮೈಸೂರಿನದೇ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದಲೂ ದಾಖಲೆಯಲ್ಲಿ ಬರೆದಿಡುತ್ತಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಮುಂದೆ ಮೈಸೂರಿನ ಸುತ್ತಲೇ ಉಳಿದಿದ್ದ ಐನೂರಕ್ಕೂ ಹೆಚ್ಚು ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕೆಜಿ ಮೀರಿದವರಲ್ಲಿ ನೂರಕ್ಕೆ 3 ಮಂದಿಗೆ. ತಾಯಿಯೂ ಬಡಕಲಾಗಿದ್ದು ಮಗುವೂ ಹಗುರವಾಗಿದ್ದ ಕಡೆ ಕಾಯಿಲೆ ಇನ್ನೂ ಹೆಚ್ಚು. ಬಸುರಿ ಹೆಂಗಸಿನ ತಟ್ಟೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಅರ್ಧ ಶತಮಾನದ ನಂತರ ಮಗನ ಎದೆನೋವಿನಲ್ಲಿ ಕಾಣಿಸಿಕೊಳ್ಳುತ್ತಿರಬಹುದು ಎಂದಾಯಿತು. ಆಗ ಮುಪ್ಪಿನ ಆರಂಭವನ್ನು 60ರಲ್ಲಿ ಹುಡುಕುವುದಕ್ಕೆ ಅರ್ಥವಿಲ್ಲ.

ಇದನ್ನು ಜೀವಶಾಸ್ತ್ರವೂ ಬೆಂಬಲಿಸುತ್ತದೆ. ಥಾಮಸ್ ಕರ್ಕ್‌ವುಡ್ 1977ರಲ್ಲಿ ಮಂಡಿಸಿದ ಸಿದ್ಧಾಂತದ ಸಾರ ಇಷ್ಟು: ಜೀವಕೋಶಗಳಿಗೆ ಆಗುವ ಹಾನಿಯನ್ನು ಸರಿಪಡಿಸಲು ದೇಹಕ್ಕೆ ಶಕ್ತಿ ಬೇಕು, ಆ ಶಕ್ತಿಗೆ ಮಿತಿಯಿದೆ, ಬೆಳವಣಿಗೆ ಮತ್ತು ಸಂತಾನಕ್ಕೆ ಖರ್ಚಾದದ್ದು ರಿಪೇರಿಗೆ ಸಿಗುವುದಿಲ್ಲ. ಸಂಬಳ ಸಾಲದ ಮನೆಯವರು ಸೋರುವ ಸೂರನ್ನು ಮುಂದಿನ ವರ್ಷಕ್ಕೆ ಬಿಟ್ಟು ಮೊದಲು ದಿನಸಿ ತರುವಂತೆಯೇ ಇದು. ಗರ್ಭದಲ್ಲಿ ಆಹಾರ ಸಾಲದಾದಾಗ ಮಗುವಿನ ದೇಹ ಮೆದುಳನ್ನು ಕಾಪಾಡಿಕೊಂಡು ಸ್ನಾಯು, ಮೇದೋಜೀರಕ, ಮೂತ್ರಪಿಂಡಗಳ ವಿಷಯದಲ್ಲಿ ಕೈ ಬಿಗಿಹಿಡಿಯುತ್ತದೆ. ಮೂತ್ರಪಿಂಡದ ಸೋಸುವ ಘಟಕಗಳ ಸಂಖ್ಯೆ ಹುಟ್ಟುವ ಹೊತ್ತಿಗೇ ಹೆಚ್ಚುಕಡಿಮೆ ನಿಗದಿಯಾಗಿಬಿಡುತ್ತದೆ, ಮತ್ತೆ ಹೊಸದು ಹುಟ್ಟುವುದಿಲ್ಲ. ಅದರ ಮೇಲೆ ನಲವತ್ತು ವರ್ಷ ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತರೆ, ಹೊಗೆ ಕುಡಿದರೆ, ನಿದ್ದೆಗೆಟ್ಟರೆ, ಮೊದಲೇ ಕಡಿಮೆಯಿದ್ದ ದಾಸ್ತಾನು ಬೇಗ ತೀರುತ್ತದೆ. ಹಮಾಲಿಗೆ 50ಕ್ಕೇ ಮುಪ್ಪು ಬಂದರೆ ಅದು ಅವನ ಹಣೆಬರಹವಲ್ಲ.

ಇಲ್ಲಿ ಎರಡು ಆಕ್ಷೇಪ ಬರಬಹುದು. ತೂಕಕ್ಕೂ ಕಾಯಿಲೆಗೂ ನಂಟು ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದಾಗದು ಎಂಬುದು ಮೊದಲನೆಯದು. ಸರಿಯಾದ ಆಕ್ಷೇಪವೇ. 1930ರ ದಶಕದಲ್ಲಿ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಎಲ್ಲರಂತಿರಲಿಲ್ಲ. ಬದುಕುಳಿದು, ಊರು ಬಿಡದೆ, ಸಂಶೋಧಕರ ಕೈಗೆ ಸಿಕ್ಕವರು ಇನ್ನೂ ವಿಶೇಷ ಗುಂಪು. ಆದರೆ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನ ಹಳೆಯ ದಾಖಲೆಗಳಲ್ಲೂ ಇದೇ ನಂಟು ಕಂಡಿದೆ, ಪ್ರಾಣಿಗಳ ಮೇಲಿನ ಪ್ರಯೋಗಗಳೂ ಅದೇ ದಿಕ್ಕಿಗೆ ಕೈ ತೋರಿಸುತ್ತವೆ. ಎರಡನೆಯ ಆಕ್ಷೇಪ ಮನಸ್ಸನ್ನು ಹೆಚ್ಚು ಕಾಡುವಂಥದ್ದು: ಎಲ್ಲವೂ ಗರ್ಭದಲ್ಲೇ ತೀರ್ಮಾನವಾಗಿದ್ದರೆ ಈಗ ಮಾಡುವುದಾದರೂ ಏನು? ತೀರ್ಮಾನವಾಗಿಲ್ಲ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಮರೆಗುಳಿ ಕಾಯಿಲೆಗೆ ಬದಲಾಯಿಸಬಹುದಾದ 14 ಕಾರಣಗಳನ್ನು ಗುರುತಿಸಿ, ಅವನ್ನು ನಿವಾರಿಸಿದರೆ ಸುಮಾರು ನೂರಕ್ಕೆ 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದಿತು. ಆ ಪಟ್ಟಿಯಲ್ಲಿ ಶಾಲೆ ಕಾಣದ ಬಾಲ್ಯವಿದೆ, ರಕ್ತದೊತ್ತಡವಿದೆ, ಕೆಟ್ಟ ಗಾಳಿಯಿದೆ, ಕೇಳದ ಕಿವಿ, ಮಂಜಾದ ಕಣ್ಣು, ಒಂಟಿತನ ಇವೆ. ಕಣ್ಣಿನ ಪೊರೆ ತೆಗೆಸುವುದಕ್ಕೆ 70 ವರ್ಷವೂ ತಡವಲ್ಲ.

ಯಾರ ದೇಹವನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ ಎಂಬುದು ಇದಕ್ಕಿಂತ ಆಳದ ವಿಷಯ. ಸ್ಟೀವ್ ಹಾರ್ವತ್ 2013ರಲ್ಲಿ ಡಿಎನ್‌ಎಯ 353 ತಾಣಗಳ ರಾಸಾಯನಿಕ ಗುರುತುಗಳಿಂದ ವಯಸ್ಸನ್ನು ಹೇಳುವ ಗಡಿಯಾರ ರಚಿಸಿದ ಮೇಲೆ ಅಂಥ ಗಡಿಯಾರಗಳು ಅನೇಕ ಬಂದಿವೆ. ಅವುಗಳ ಹಿಂದಿನ ಮಾಹಿತಿಯಲ್ಲಿ ಹೆಚ್ಚಿನದು ಪಾಶ್ಚಾತ್ಯ ದೇಶಗಳ ಜನರದ್ದು. ವಯಸ್ಸಾದಂತೆ ಮೈಯಲ್ಲಿ ಸಣ್ಣ ಉರಿಯೂತ ನಿರಂತರವಾಗಿ ಹೆಚ್ಚುತ್ತದೆ, ಇದು ಮುಪ್ಪಿನ ಸಾರ್ವತ್ರಿಕ ಲಕ್ಷಣ ಎಂದು ಬಹಳ ಕಾಲ ನಂಬಲಾಗಿತ್ತು. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಟಲಿ ಮತ್ತು ಸಿಂಗಪುರದ ಹಿರಿಯರನ್ನು ಬೊಲಿವಿಯಾದ ತ್ಸಿಮಾನೆ, ಮಲೇಷ್ಯಾದ ಒರಾಂಗ್ ಅಸ್ಲಿ ಜನರೊಂದಿಗೆ ಹೋಲಿಸಿತು. ಮೊದಲ ಎರಡು ಕಡೆ ಕಂಡ ಆ ಲಕ್ಷಣ ಉಳಿದ ಎರಡು ಕಡೆ ಹಾಗೆ ಕಾಣಲಿಲ್ಲ. ಎಲ್ಲರ ಮುಪ್ಪು ಎಂದುಕೊಂಡದ್ದು ಕೆಲವರ ಬದುಕಿನ ರೀತಿಯ ಗುರುತಾಗಿರಬಹುದು. ಯಾರಿಗೆ, ಯಾಕೆ ಎಂದು ಕೇಳದೆ ಮುಪ್ಪು ಎಂದರೇನು ಎಂಬುದೂ ಗೊತ್ತಾಗುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಆದ್ದರಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಕ್ ಸೈನಿ ಅವರ ನೇತೃತ್ವದ ‘ಭಾರತ್’ ಅಧ್ಯಯನ ಭಾರತೀಯರಿಗೇ ಒಂದು ಆಧಾರ ಅಳತೆ ಕಟ್ಟಲು ಹೊರಟಿರುವುದು ದೊಡ್ಡ ಕೆಲಸ. ಅದೇ ಆವರಣದ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಂದ ನಡೆಸುತ್ತಿರುವ ಅಧ್ಯಯನ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಮಾವಿನ ತೋಪಿನಲ್ಲಿ ದುಡಿದ, ಅಕ್ಷರ ಕಲಿಯದ ಹೆಂಗಸಿನ ನೆನಪಿನ ಶಕ್ತಿಯನ್ನು ಕಾಗದ-ಪೆನ್ಸಿಲಿನ ಪರೀಕ್ಷೆಯಿಂದ ಅಳೆದರೆ ಸಿಗುವುದು ಅವಳ ಮೆದುಳಿನ ಲೆಕ್ಕವಲ್ಲ, ಅವಳಿಗೆ ತಪ್ಪಿದ ಶಾಲೆಯ ಲೆಕ್ಕ.

ಇಷ್ಟಾದ ಮೇಲೂ ಒಂದು ವಾದ ಉಳಿಯುತ್ತದೆ. ಬಡತನ, ಗಾಳಿ, ಚರಂಡಿ ಸರಿಪಡಿಸಲು ಶತಮಾನ ಬೇಕು. ಮಾತ್ರೆಯೊಂದು ಸಿಕ್ಕರೆ ಎಲ್ಲರಿಗೂ ಒಂದೇ ಸಲ ಉಪಕಾರ. ರಾಪಮೈಸಿನ್ ಎಂಬ ಔಷಧ ವಯಸ್ಸಾದ ಇಲಿಗಳ ಆಯಸ್ಸನ್ನೂ ಹೆಚ್ಚಿಸಿದ್ದು 2009ರಲ್ಲೇ ದಾಖಲಾಗಿದೆ. ಆ ಸಂಶೋಧನೆ ನಡೆಯಲೇಬೇಕು. ಆದರೆ ಬಿಪಿ, ಸಕ್ಕರೆ ಕಾಯಿಲೆಗೆ ಅಗ್ಗದ ಮಾತ್ರೆಗಳು ಬಂದು ದಶಕಗಳಾದವು, ಇಂದಿಗೂ ಕಾಯಿಲೆ ಇರುವುದೇ ತಿಳಿಯದೆ ಪಾರ್ಶ್ವವಾಯು ಬಡಿದ ಮೇಲೆ ಆಸ್ಪತ್ರೆ ಸೇರುವವರಿದ್ದಾರೆ. ಆಯಸ್ಸು ಬೆಳೆದ ಬಗೆಯನ್ನೂ ನೋಡಬೇಕು. 1898ರ ಪ್ಲೇಗ್ ಬೆಂಗಳೂರಿನ ದಂಡು ಪ್ರದೇಶದ ಬ್ಲಾಕ್‌ಪಲ್ಲಿಯ, ಅಂದರೆ ಇಂದಿನ ಶಿವಾಜಿನಗರದ, ಇಕ್ಕಟ್ಟಿನ ಓಣಿಗಳನ್ನು ಹಿಂಡಿತು. ಆ ಅನುಭವದ ಮೇಲೆ ಮುಂದಿನ ದಶಕದಲ್ಲಿ ಫ್ರೇಜರ್ ಟೌನ್, ಇಂದಿನ ಪುಲಿಕೇಶಿನಗರ, ಎದ್ದಿತು. ಪುರಸಭೆಯ ಜೆ.ಎಚ್. ಸ್ಟೀಫನ್ಸ್ ಇಲಿ ನುಗ್ಗದ ಮನೆಗಳನ್ನು ಯೋಚಿಸಿ, ಪ್ಲೇಗ್ ತಡೆಯುವ ನಗರ ಯೋಜನೆ ಕುರಿತು 1914ರಲ್ಲಿ ಪುಸ್ತಕವನ್ನೇ ತಂದರು. ಭಾರತೀಯರ ಸರಾಸರಿ ಆಯಸ್ಸು ಆಗ 25 ಮುಟ್ಟಿರಲಿಲ್ಲ, ಈಗ 70ರ ಆಸುಪಾಸು. ಈ ಏರಿಕೆಯ ಬಹುಪಾಲನ್ನು ತಂದದ್ದು ಮುಪ್ಪಿಗೆ ಮದ್ದಲ್ಲ. ಶುದ್ಧ ನೀರು, ಲಸಿಕೆ, ಪ್ರತಿಜೈವಿಕಗಳು, ಹಸುಗೂಸುಗಳು ಉಳಿದದ್ದು. ಬ್ಲಾಕ್‌ಪಲ್ಲಿಯವರೆಲ್ಲ ಹೊಸ ಬಡಾವಣೆಗೆ ಹೋಗಲಿಲ್ಲ ಎಂಬುದೂ ಅದೇ ಇತಿಹಾಸದ ಭಾಗ. ನಾಳೆಯ ಮುಪ್ಪಿನ ಮಾತ್ರೆಯೂ ಮೊದಲು ಯಾವ ಬೀದಿಗೆ ಬರುತ್ತದೆ ಎಂದು ಈಗಲೇ ಕೇಳಬೇಕು.

ಈ ಪ್ರಶ್ನೆಗೆ ಬೇಕಾದ ಸಾಮಗ್ರಿ ನಮ್ಮ ಕೈಯಲ್ಲೇ ಇದೆ. ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲಾಗಲಿ ಶ್ರೀನಿವಾಸಪುರದ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ಹೆರಿಗೆಯಾದರೆ ತಾಯಿ ಕಾರ್ಡಿನಲ್ಲಿ ಮಗುವಿನ ತೂಕ ಬರೆಯುತ್ತಾರೆ. ಆಮೇಲೆ ಅಂಗನವಾಡಿಯಲ್ಲೂ ತೂಗುತ್ತಾರೆ. ಲಸಿಕೆ ಮುಗಿದ ಮೇಲೆ ಆ ಕಾರ್ಡು ಮನೆಯ ಟ್ರಂಕಿನಲ್ಲಿ ಕಳೆದುಹೋಗುತ್ತದೆ. ಈ ವರ್ಷ ಹುಟ್ಟುವ ಮಗುವಿಗೆ 60 ತುಂಬುವುದು 2080ರ ದಶಕದಲ್ಲಿ. ಆಗ ಯಾರ ಹೃದಯ ಯಾಕೆ ಮೊದಲು ಸೋತಿತು ಎಂದು ತಿಳಿಯಬೇಕಾದರೆ, ಹೆಸರು ಬಯಲಾಗದಂತೆ, ಮನೆಯವರ ಒಪ್ಪಿಗೆಯೊಂದಿಗೆ ಆ ತೂಕವನ್ನು ಇಂದೇ ಜೋಪಾನ ಮಾಡಬೇಕು. ಮುಪ್ಪನ್ನು ಅಳೆಯುವ ಪ್ರತಿ ಅಧ್ಯಯನವೂ ರಕ್ತದ ಜೊತೆಗೆ ಆ ಮನುಷ್ಯ ಯಾವ ಕೆಲಸ ಮಾಡಿದ, ಎಷ್ಟು ವರ್ಷ ಶಾಲೆಗೆ ಹೋದ, ಎಂಥ ಗಾಳಿ ಕುಡಿದ ಎಂಬುದನ್ನೂ ಬರೆದುಕೊಳ್ಳಬೇಕು. ಮೈಸೂರಿನ ಆ ಆಸ್ಪತ್ರೆಯವರು 1934ರಲ್ಲಿ ತೂಕ ಬರೆದಿಡುವ ಕೆಲಸವನ್ನು ಕಾಗದ ಮತ್ತು ತಕ್ಕಡಿಯಿಂದಲೇ ಆರಂಭಿಸಿದ್ದರು.