ನಾಬೋತನ ದ್ರಾಕ್ಷಿತೋಟ

ಹಲವು ವರ್ಷಗಳ ಹಿಂದೆ ನೀತಿಪಾಠದ ತರಗತಿಯಲ್ಲಿ ಬೈಬಲಿನ ನಾಬೋತನ ಕಥೆ ಹೇಳಿದೆ. ಬಾಲಕನೊಬ್ಬ ಎದ್ದು ಕೇಳಿದ: "ಸರ್, ಅರಸನು ಬೆಲೆ ಕೊಡಲು ಸಿದ್ಧನಿದ್ದನಲ್ಲ? ಕೊಡೆನೆಂದದ್ದು ನಾಬೋತನ ಹಠವಲ್ಲವೇ?" "ಹಠವೇ ಇರಬಹುದು" ಎಂದು ಹೇಳಿ ಪಾಠ ಮುಗಿಸಿದೆ. ನಿವೃತ್ತಿಯ ಬಳಿಕ ಪಿತ್ರಾರ್ಜಿತ ಅಡಿಕೆ ತೋಟವನ್ನು ಮಾರಿದೆ. ಬೆಲೆ ನ್ಯಾಯವಾಗಿಯೇ ಇತ್ತು. ಆದರೂ ಆ ಪ್ರಶ್ನೆ ಮರಳಿ ಬಂದು ಎದುರು ನಿಂತಿತು.

ನಾಬೋತನ ಊರು ಇಜ್ರೇಲ್. ಆ ಹೆಸರಿನ ಬಯಲು ಇಂದಿನ ಇಸ್ರೇಲಿನ ಉತ್ತರದಲ್ಲಿ, ಗಲಿಲಾಯದ ಗುಡ್ಡಗಳಿಗೂ ಸಮಾರ್ಯದ ಬೆಟ್ಟಗಳಿಗೂ ನಡುವೆ ಹರಡಿದೆ. ಕೀಷೋನ್ ಹೊಳೆ ಅದರ ನೀರನ್ನು ಹೈಫಾದ ಬಳಿ ಕಡಲಿಗೆ ಒಯ್ಯುತ್ತದೆ. ಹೀಬ್ರೂ ಭಾಷೆಯಲ್ಲಿ ಇಜ್ರೇಲ್ ಎಂದರೆ 'ದೇವರು ಬಿತ್ತುತ್ತಾನೆ'. ಹೆಸರಿಗೆ ತಕ್ಕ ಫಲವತ್ತಾದ ನೆಲ; ಆದರೆ ರಕ್ತವನ್ನೂ ಬಹಳ ಕುಡಿದ ನೆಲ. ಈಜಿಪ್ಟಿನಿಂದ ಸಿರಿಯಕ್ಕೆ ಹೋಗುವ ಹೆದ್ದಾರಿ ಮೆಗಿದ್ದೋವಿನ ಬಳಿ ಈ ಬಯಲಿಗೆ ಇಳಿಯುತ್ತಿತ್ತು. ಕ್ರಿ.ಪೂ. 15ನೆಯ ಶತಮಾನದಲ್ಲಿ ಮೂರನೆಯ ಥುಟ್ಮೋಸ್ ಅಲ್ಲಿ ಕಾನಾನಿನ ಅರಸರನ್ನು ಗೆದ್ದ. ಕ್ರಿ.ಪೂ. 609ರಲ್ಲಿ ಯೆಹೂದದ ಅರಸ ಯೋಷೀಯ ಅಲ್ಲಿಯೇ ಮಡಿದ. 1918ರ ಸೆಪ್ಟೆಂಬರಿನಲ್ಲಿ ಹೈಫಾವನ್ನು ಹಿಡಿದ ಅಶ್ವದಳಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು.

ಈ ಯುದ್ಧಗಳಿಗಿಂತ ನನ್ನನ್ನು ಕಾಡುವುದು ಒಂದು ಸಣ್ಣ ದ್ರಾಕ್ಷಿತೋಟ. ಅದು ಅರಮನೆಯ ಪಕ್ಕದಲ್ಲಿತ್ತು. ಕಾಯಿಪಲ್ಯ ಬೆಳೆಯಲು ಅರಸ ಅಹಾಬ ಅದನ್ನು ಕೇಳಿದ. ಬದಲಿಗೆ ಇನ್ನೂ ಒಳ್ಳೆಯ ತೋಟ, ಬೇಡವಾದರೆ ಹಣ ಕೊಡುವೆನೆಂದ. ಹಿರಿಯರಿಂದ ಬಂದುದನ್ನು ಕೊಡಲಾರೆನೆಂದು ನಾಬೋತ ನಿರಾಕರಿಸಿದ. ಅರಸ ಊಟ ಬಿಟ್ಟು ಮಲಗಿದ. ರಾಣಿ ಈಜೆಬೆಲ್ ಅರಸನ ಮುದ್ರೆಯೊತ್ತಿ ಪತ್ರ ಬರೆಸಿ, ಸುಳ್ಳು ಸಾಕ್ಷಿಗಳನ್ನು ನಿಲ್ಲಿಸಿ, ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ತೋಟವನ್ನು ವಶಪಡಿಸಿಕೊಳ್ಳಲು ಬಂದ ಅರಸನನ್ನೇ ಎಲೀಯ ಪ್ರವಾದಿ ತಡೆದು ಕೊಲೆಯ ಹೊಣೆ ಹೊರಿಸಿದ.

ಯಾಜಕಕಾಂಡದ ಪ್ರಕಾರ ನೆಲ ದೇವರದು; ಮನುಷ್ಯ ಅಲ್ಲಿ ಒಕ್ಕಲು ಮಾತ್ರ. ಬಡತನದಿಂದ ಮಾರಿದ ಭೂಮಿಯೂ 50ನೆಯ ವರ್ಷದಲ್ಲಿ ಮೂಲ ಕುಟುಂಬಕ್ಕೆ ಮರಳಬೇಕು. ಆದುದರಿಂದ ಮಾರುವುದೇ ಪಾಪವೆಂದು ನಾನು ಹೇಳುವುದಿಲ್ಲ. ಅಹಾಬ ಹೇಳಿದ ಬೆಲೆಯಲ್ಲಿಯೂ ದೋಷವಿರಲಿಲ್ಲ. 'ಇಲ್ಲ' ಎಂಬ ಉತ್ತರಕ್ಕೆ ಅಲ್ಲಿ ಜಾಗವಿರಲಿಲ್ಲ ಎಂಬುದೇ ದೋಷ.

ಇದೇ ಬಯಲಿನಲ್ಲಿ 1920ರ ದಶಕದಲ್ಲಿ ಯೆಹೂದಿ ವಲಸಿಗರು ಜೌಗು ಬಸಿದು ಹೊಲಗಳನ್ನು ಎಬ್ಬಿಸಿದರು. ಅವರ ಶ್ರಮ ಸಣ್ಣದಲ್ಲ. ಭೂಮಿಗೆ ಬೆಲೆಯನ್ನೂ ತೆತ್ತಿದ್ದರು. ಆದರೆ ಬಹುಪಾಲು ಹಣ ಸೇರಿದ್ದು ದೂರದ ಬೈರೂತಿನ ಭೂಮಾಲಿಕರಿಗೆ. ಉಳುತ್ತಿದ್ದ ಅರಬ್ ಗೇಣಿದಾರರಲ್ಲಿ ಅನೇಕರು ನೆಲೆ ಕಳೆದುಕೊಂಡರು. ಅವರ ಒಪ್ಪಿಗೆಯನ್ನು ಯಾವ ಕ್ರಯಪತ್ರವೂ ಕೇಳಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದವನು ಮೂವತ್ತು ವರ್ಷ ನಮ್ಮ ತೋಟದಲ್ಲಿ ಅಡಿಕೆ ಮರ ಹತ್ತಿದವನು. ಮಾರುವ ಮುನ್ನ ಮಕ್ಕಳನ್ನು ಕೇಳಿದೆ, ತಮ್ಮನನ್ನು ಕೇಳಿದೆ. ಅವನನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಆ ಬಾಲಕ ಈಗ ಎಲ್ಲಿದ್ದಾನೋ ತಿಳಿಯದು. ಭೇಟಿಯಾದರೆ ನನ್ನ ಉತ್ತರವನ್ನು ತಿದ್ದಿಕೊಳ್ಳುತ್ತೇನೆ: "ಅದು ಹಠವಲ್ಲ, ಮಗೂ. ಬೆಲೆ ಎಷ್ಟೆಂದು ಕೇಳುವ ಮೊದಲು, ಬೇಡವೆನ್ನುವ ಹಕ್ಕು ಯಾರಿಗೆಲ್ಲ ಇದೆಯೆಂದು ಕೇಳಬೇಕು."